ಹೊಟ್ಟೇಲಿ ಅವಳಿ ಅಂತ ಗೊತ್ತಾದ್ರೆ ಮೊದ್ಲು ತವರಿಗೆ ಹೋಗೋ ತಾರೀಖು ನೋಡ್ಕೊಳ್ಳಿ

ಸ್ಕ್ಯಾನಿಂಗಲ್ಲಿ ಎರಡು ಕಾಣ್ತು ಅಂದ ತಕ್ಷಣ ಮನೇಲಿ ಜೋಡಿ ಬಾಳೆಹಣ್ಣು ತಿಂದಿದ್ಯಾ ಅಂತ ವಿಚಾರಣೆ ಶುರುವಾಗತ್ತೆ, ಅದು ಬಿಡಿ. ತಾಯಿ ಕಾರ್ಡಲ್ಲಿ ಬರ್ದಿರೋ ಡೆಲಿವರಿ ಡೇಟ್ 40 ವಾರದ ಲೆಕ್ಕ. ಅವಳಿ ಮಕ್ಕಳಿಗೆ ಆ ಲೆಕ್ಕ ನಡ್ಯಲ್ಲ, ಅರ್ಧಕ್ಕಿಂತ ಜಾಸ್ತಿ ಅವಳಿ ಮಕ್ಕಳು 37 ವಾರ ತುಂಬೋಕ್ಮುಂಚೆನೇ ಹುಟ್ಬಿಡ್ತಾವೆ. ನಮ್ಮತ್ತಿಗೆಗೆ ಸೀಮಂತ ಮುಗಿಸಿ ಎಂಟನೇ ತಿಂಗಳಲ್ಲಿ ತವರಿಗೆ ಕಳ್ಸೋದು ಅಂತ ಒಳ್ಳೆ ದಿನ ನೋಡಿದ್ರು, ಕೆಂಪು ಬಸ್ಸಲ್ಲಿ ಅರ್ಧ ದಾರಿಗೆ ನೀರೊಡೀತು, ಹತ್ರದಲ್ಲಿದ್ದ ಆಸ್ಪತ್ರೇಲಿ ಎಳೆ ಮಕ್ಕಳನ್ನ ನೋಡೋ ವ್ಯವಸ್ಥೆನೇ ಇರ್ಲಿಲ್ಲ.

ಅದಕ್ಕೆ ಆರನೇ ತಿಂಗಳು ಮುಗಿಯೋದ್ರೊಳಗೆ ಹೆರಿಗೆ ಎಲ್ಲಿ ಅಂತ ಗಟ್ಟಿ ಮಾಡ್ಕೊಳ್ಳಿ. ಪಿಎಚ್‌ಸಿ ಬೇಡ. ಕೇಳ್ಬೇಕಾದ್ದು ಮೂರೇ: ರಾತ್ರಿ ಹೊತ್ತು ಸಿಸೇರಿಯನ್ ಮಾಡ್ತಾರಾ, ರಕ್ತ ಸಿಗತ್ತಾ, ಎಸ್‌ಎನ್‌ಸಿಯು, ಅಂದ್ರೆ ಹುಷಾರಿಲ್ದಿರೋ ಎಳೆ ಮಕ್ಕಳನ್ನ ನೋಡೋ ವಾರ್ಡ್ ಇದ್ಯಾ. ಜಿಲ್ಲಾಸ್ಪತ್ರೇಲಿ ಸಾಮಾನ್ಯವಾಗಿ ಮೂರೂ ಇರತ್ತೆ. ತವರು ಅಲ್ಲಿಂದ ದೂರ ಇದ್ರೆ ಬಾಣಂತನ ಗಂಡನ ಮನೇಲೇ ಆಗ್ಲಿ, ಅಮ್ಮನೇ ಬಂದಿರ್ಲಿ.

ಮೊದಲ ಸ್ಕ್ಯಾನ್ 11ರಿಂದ 14 ವಾರದೊಳಗೆ ಮಾಡ್ಸಿ, ಮಾಸು ಒಂದಾ ಎರಡಾ ಅಂತ ಕೇಳಿ ರಿಪೋರ್ಟಲ್ಲಿ ಬರೆಸ್ಕೊಳ್ಳಿ, ಆಮೇಲಾದ್ರೆ ಅದು ಅಷ್ಟು ಸರಿಯಾಗಿ ಗೊತ್ತಾಗಲ್ಲ. ಒಂದೇ ಮಾಸು ಅಂದ್ರೆ ಒಂದು ಮಗು ರಕ್ತ ಇನ್ನೊಂದಕ್ಕೆ ಹೋಗಿಬಿಡೋ ಅಪಾಯ ಇದೆ, 16 ವಾರದಿಂದ ಹದಿನೈದು ದಿನಕ್ಕೊಂದು ಸ್ಕ್ಯಾನ್ ಬೇಕು. ಎರಡಿದ್ರೆ ನಾಲ್ಕು ವಾರಕ್ಕೊಂದು. ಪ್ರತಿ ತಿಂಗಳು 9ನೇ ತಾರೀಖು ಸರ್ಕಾರಿ ಆಸ್ಪತ್ರೇಲಿ ಬಸುರಿಯರಿಗೆ ಫ್ರೀ ಚೆಕಪ್ ಇರತ್ತೆ, ತಪ್ಪಿಸ್ಬೇಡಿ, ಕಾರ್ಡ್ ಮೇಲೆ ಹೈರಿಸ್ಕ್ ಅಂತ ಹಾಕಿಸ್ಕೊಳ್ಳಿ. ಕಬ್ಬಿಣದ ಮಾತ್ರೆ ಬಿಡಂಗಿಲ್ಲ. ತಲೆ ಸಿಡಿಯೋದು, ಕಣ್ಣು ಮಂಜಾಗೋದು, ಮುಖ ಊದೋದು ಕಂಡ್ರೆ ಬೆಳಗಾಗ್ಲಿ ಅಂತ ಕೂರ್ಬೇಡಿ, 108ಕ್ಕೆ ಫೋನ್ ಮಾಡಿ.

34 ವಾರದೊಳಗೆ ನೋವು ಬಂದ್ರೆ ಮಕ್ಕಳ ಶ್ವಾಸಕೋಶ ಬಲೀಲಿ ಅಂತ ಆಸ್ಪತ್ರೇಲಿ ಡೆಕ್ಸಾಮೆಥಸೋನ್ ಇಂಜೆಕ್ಷನ್ ಕೊಡ್ತಾರೆ, 12 ಗಂಟೆಗೊಂದರಂತೆ ನಾಲ್ಕು. ಬೇರೆ ಕಡೆ ಕಳ್ಸಿದ್ರೆ ಎಷ್ಟು ಕೊಟ್ಟಿದಾರೆ ಅನ್ನೋ ಚೀಟಿ ತಗೊಂಡೇ ಹೊರಡಿ. ಎರಡು ಹೊತ್ತ ಗರ್ಭಕೋಶ ಹೆರಿಗೆ ಆದ್ಮೇಲೆ ಕೆಲವು ಸಲ ಬೇಗ ಕುಗ್ಗಲ್ಲ, ರಕ್ತ ಜಾಸ್ತಿ ಹೋಗ್ಬಹುದು, ರಕ್ತ ಕೊಡೋಕೆ ಇಬ್ಬರನ್ನ ಮುಂಚೆನೇ ಹೇಳಿಟ್ಟಿರಿ.

ಇನ್ನು ಮನೆಗೆ ಬಂದ್ಮೇಲೆ. ಸಣ್ಣ ಮಕ್ಕಳು ತಣ್ಣಗಾದ್ರೆ ಕಷ್ಟ, ಅದಕ್ಕೇ ಕಾಂಗರೂ ಕೇರ್, ಅಂದ್ರೆ ಮಗುನ ಬರಿ ಎದೆಗೆ ಒರಗಿಸ್ಕೊಂಡು ಬೆಚ್ಚಗಿಡೋದು. ಇನ್‌ಕ್ಯುಬೇಟರ್ ಸಾಲ್ದೆ 1978ರಲ್ಲಿ ಕೊಲಂಬಿಯಾದ ಬೊಗೊಟಾದಲ್ಲಿ ಶುರುವಾದ ಉಪಾಯ, ನಮ್ಮ ಕೊಪ್ಪಳ ಜಿಲ್ಲೇಲೂ ಚೆನ್ನಾಗಿ ನಡ್ಸಿದಾರೆ. ಮಗುಗೆ ಟೋಪಿ, ಕಾಲುಚೀಲ, ಡೈಪರ್ ಅಷ್ಟೇ, ಬರಿ ಎದೆಗೆ ಕಪ್ಪೆ ಥರ ಒರಗಿಸಿ, ತಲೆ ಒಂದು ಪಕ್ಕಕ್ಕೆ, ಮೂಗು ಕಾಣ್ತಿರ್ಲಿ, ಮೇಲಿಂದ ಹಳೇ ಕಾಟನ್ ಸೀರೆ ಬಿಗಿಯಾಗಿ ಸುತ್ತಿ. ದಿನಕ್ಕೆ ಕನಿಷ್ಠ 8 ಗಂಟೆ, ಜಾಸ್ತಿ ಆದಷ್ಟೂ ಒಳ್ಳೇದು. ಒಂದು ಅಮ್ಮನ ಎದೆ ಮೇಲೆ, ಇನ್ನೊಂದು ಅಪ್ಪನದ್ದೋ ಅಜ್ಜೀದೋ ಮೇಲೆ, ನಮ್ಮಣ್ಣ ಮೊದಲ ದಿನ ನಾಚ್ಕೊಂಡು ಬಾಗಿಲು ಹಾಕ್ಕೊಂಡ, ಆಮೇಲೆ ಹಂಗೇ ಕೂತು ಕ್ರಿಕೆಟ್ ನೋಡ್ದ. ಎರೆಯೋದು, ಸಾಂಬ್ರಾಣಿ ಹೊಗೆ ಸದ್ಯಕ್ಕೆ ಬೇಡ, ಅಜ್ಜಿ ಜೊತೆ ಜಗಳ ಆದ್ರೂ ಸರಿ.

ಚೀಪೋಕೆ ಶಕ್ತಿ ಇಲ್ದಿದ್ರೆ ಹಾಲು ಹಿಂಡಿ, ಕುದಿಸಿಟ್ಟ ಒಳಲೇಲಿ ಕುಡ್ಸಿ. ಚಿಕ್ಕದು ಅಳೋದೇ ಇಲ್ಲ ಅಂತ ಖುಷಿ ಪಡ್ಬೇಡಿ, ಎರಡು ಗಂಟೆಗೊಮ್ಮೆ ಎಬ್ಬಿಸಿ ಕುಡ್ಸಿ. ನಿದ್ದೆಗಣ್ಣಲ್ಲಿ ಯಾರಿಗೆ ಕೊಟ್ವಿ ಅಂತ ಮರ್ತೋಗತ್ತೆ, ಗೋಡೆ ಕ್ಯಾಲೆಂಡರ್ ಮೇಲೆ ಎರಡು ಬಣ್ಣದ ಪೆನ್ನಲ್ಲಿ ಗೀಟು ಹಾಕಿ, ಆಶಾ ಬಂದಾಗ ಅದನ್ನೇ ತೋರ್ಸಿ.