ಜರ್ಕಾಟ್ ಕೋಶದಲ್ಲಿ ಸಿಡಿ45 ಏನು ಮಾಡುತ್ತದೆ: ನನ್ನ ಅನುಭವ

ಪಿಟಿಪಿಆರ್‌ಸಿ ಜೀನಿನಿಂದ ಬರುವ ಪ್ರೋಟೀನೇ ಸಿಡಿ45. ಬಿಳಿ ರಕ್ತಕಣಗಳ ಮೈಮೇಲೆ ಇದು ತುಂಬಾ ಜಾಸ್ತಿ. ಬೇರೆ ಪ್ರೋಟೀನಿನಿಂದ ಫಾಸ್ಫೇಟ್ ಕಿತ್ತು ಹಾಕುವ ಕಿಣ್ವ (ಫಾಸ್ಫಟೇಸ್) ಅಂದಮೇಲೆ, ಇದಿಲ್ಲದಿದ್ದರೆ ಫಾಸ್ಫೇಟ್ ಮೇಲೆ ನಡೆಯುವ ಸಿಗ್ನಲ್ ಜೋರಾಗಬೇಕು ಅಲ್ವಾ? ಟಿ ಕೋಶ ಅನ್ನುವ ಬಿಳಿ ರಕ್ತಕಣದಲ್ಲಿ ಆಗುವುದು ಉಲ್ಟಾ. ಅದನ್ನೇ ನಾನು ಬ್ಲಾಟ್ (ಗಾತ್ರದ ಮೇಲೆ ಬೇರ್ಪಡಿಸಿದ ಪ್ರೋಟೀನನ್ನು ಆಂಟಿಬಾಡಿಯಿಂದ ಗುರುತಿಸುವ ಪೊರೆ) ಮೇಲೆ ನೋಡಬೇಕಿತ್ತು.

ಮಾಮೂಲಿ ಜರ್ಕಾಟ್ (ಲ್ಯಾಬಿನಲ್ಲಿ ಬೆಳೆಸುವ ಮಾನವ ಟಿ ಕೋಶ) ಮತ್ತು ಅದರಿಂದಲೇ ಬಂದ, ಸಿಡಿ45 ಇಲ್ಲವೆನ್ನುವಷ್ಟು ಕಡಿಮೆ ಇರುವ ಜೆ45.01, ಎರಡನ್ನೂ ಬೆಳೆಸಿದೆ. ಮೊದಲು ಫ್ಲೋ ಸೈಟೋಮೀಟರಿನಲ್ಲಿ (ಕೋಶಗಳನ್ನು ಒಂದೊಂದಾಗಿ ಅಳೆಯುವ ಯಂತ್ರ) ಟಿ ಕೋಶದ ರಿಸೆಪ್ಟರಿನ ಭಾಗವಾದ ಸಿಡಿ3 ಎರಡರಲ್ಲೂ ಇದೆ ಅಂತ ನೋಡಿಕೊಂಡೆ. ರಿಸೆಪ್ಟರೇ ಇಲ್ಲದಿದ್ದರೆ ಸಿಗ್ನಲ್ ಬರಲಿಲ್ಲ ಅಂತ ಸಿಡಿ45 ಮೇಲೆ ಹೇಳುವಂತಿಲ್ಲ.

ಹೆಚ್ಚು ತಲೆ ತಿಂದದ್ದು ಲೈಸಿಸ್ ಬಫರ್, ಅಂದರೆ ಕೋಶ ಒಡೆಯುವ ದ್ರಾವಣ. ಕೋಶ ಒಡೆದ ಕ್ಷಣದಿಂದ ಒಳಗಿನ ಫಾಸ್ಫಟೇಸ್‌ಗಳು ಸಿಕ್ಕ ಫಾಸ್ಫೇಟನ್ನೆಲ್ಲ ಕಿತ್ತು ಹಾಕುತ್ತವೆ, ಹಾಗಾಗಿ ಅವನ್ನು ತಡೆಯುವ ಸೋಡಿಯಂ ಆರ್ಥೋವನಡೇಟ್ ಬೇಕೇ ಬೇಕು. ಪುಡಿಯನ್ನು ಸುಮ್ನೆ ನೀರಿಗೆ ಹಾಕಿದರೆ ಸಾಲದು: ಪಿಎಚ್ 10ಕ್ಕೆ ಇಳಿಸುವಾಗ ದ್ರಾವಣ ಹಳದಿಯಾಗುತ್ತದೆ, ಬಣ್ಣ ಹೋಗುವ ತನಕ ಕುದಿಸಿ, ತಣಿಸಿ, ಮತ್ತೆ ಪಿಎಚ್ ನೋಡಿ, ಹಳದಿ ವಾಪಸ್ ಬರದೇ ಇರುವ ತನಕ ಇದೇ ಕೆಲಸ. ಹಳದಿ ಇದ್ದರೆ ವನಡೇಟ್ ಒಂದಕ್ಕೊಂದು ಅಂಟಿಕೊಂಡಿದೆ ಅಂತ, ಅದು ಫಾಸ್ಫಟೇಸನ್ನು ಸರಿಯಾಗಿ ತಡೆಯುವುದಿಲ್ಲ. ಬಫರಿಗೆ ಸಾಮಾನ್ಯವಾಗಿ ಹಾಕುವ ಇಡಿಟಿಎ, ಡಿಟಿಟಿ ಎರಡೂ ವನಡೇಟನ್ನು ಕೆಡಿಸುತ್ತವೆ, ಬಫರಿಗೆ ಹಾಕಲಿಲ್ಲ. ಬ್ಲಾಟಿನ ಖಾಲಿ ಜಾಗಕ್ಕೆ ಆಂಟಿಬಾಡಿ ಅಂಟದಂತೆ ಬ್ಲಾಕ್ ಮಾಡಲು ಹಾಲಿನ ಪುಡಿ ಬದಲು ಬಿಎಸ್‌ಎ (ದನದ ರಕ್ತದ ಪ್ರೋಟೀನ್), ಯಾಕಂದ್ರೆ ಹಾಲಿನ ಕೇಸಿನ್‌ನಲ್ಲೇ ಫಾಸ್ಫೇಟ್ ಇದೆ.

ರಿಸೆಪ್ಟರಿನ ಸಿಗ್ನಲ್ ಶುರು ಮಾಡುವ ಎಲ್‌ಸಿಕೆ ಕೈನೇಸ್ (ಫಾಸ್ಫೇಟ್ ಕೂರಿಸುವ ಕಿಣ್ವ) ಬ್ಲಾಟಿನಲ್ಲಿ 56 ಕಿಲೋಡಾಲ್ಟನ್ ಹತ್ತಿರ ಬಂತು. ಒಟ್ಟು ಎಲ್‌ಸಿಕೆ ಎರಡರಲ್ಲೂ ಸಮ. ಆದರೆ ಅದರ 505ನೇ ಅಮೈನೋ ಆಮ್ಲವಾದ ಟೈರೋಸಿನ್ನಿನ ಫಾಸ್ಫೇಟ್ ಹಿಡಿಯುವ ಆಂಟಿಬಾಡಿ ಹಾಕಿದಾಗ ಜೆ45.01ರ ಬ್ಯಾಂಡ್ ಎದ್ದು ಕಾಣುವಷ್ಟು ದಪ್ಪ. ಸಿಎಸ್‌ಕೆ ಅನ್ನುವ ಕೈನೇಸ್ ಅಲ್ಲಿ ಫಾಸ್ಫೇಟ್ ಕೂರಿಸಿದರೆ ಎಲ್‌ಸಿಕೆಯ ಬಾಲ ಮಡಚಿಕೊಂಡು, ಒಳಗಿನಿಂದ ಚಿಲಕ ಹಾಕಿದ ಬಾಗಿಲಿನಂತೆ ಮುಚ್ಚಿಕೊಳ್ಳುತ್ತದೆ. ಅದನ್ನು ತೆಗೆಯುವುದು ಸಿಡಿ45.

ಸಿಗ್ನಲ್ ಬಂದರೆ ಕೋಶದೊಳಗೆ ಏರುವ ಕ್ಯಾಲ್ಸಿಯಂ ಕೂಡ ಅಳೆದೆ, ಕ್ಯಾಲ್ಸಿಯಂ ಸಿಕ್ಕರೆ ಹೊಳೆಯುವ ಫ್ಲೂಓ-4 ಡೈ ಹಾಕಿ. ರಿಸೆಪ್ಟರನ್ನು ಚಾಲೂ ಮಾಡುವ ಸಿಡಿ3 ಆಂಟಿಬಾಡಿ ಕೊಟ್ಟಾಗ ಜರ್ಕಾಟ್ ಗೆರೆ ಜಿಗಿಯಿತು, ಜೆ45.01 ಹೆಚ್ಚುಕಡಿಮೆ ಮಲಗಿಯೇ ಇತ್ತು. ರಿಸೆಪ್ಟರಿನ ಹಂಗಿಲ್ಲದೆ ಕ್ಯಾಲ್ಸಿಯಂ ಒಳಬಿಡುವ ಅಯಾನೋಮೈಸಿನ್ ಹಾಕಿದ ಕೂಡಲೇ ಅದೂ ಎದ್ದಿತು. ಅಂದರೆ ಕೋಶ ಸತ್ತಿಲ್ಲ, ಡೈ ಸರಿಯಿದೆ, ಅಡಚಣೆ ಇರುವುದು ರಿಸೆಪ್ಟರ್ ಹತ್ತಿರವೇ.

ಇಷ್ಟಕ್ಕೇ ಸಿಡಿ45 ಬರೀ ಸಿಗ್ನಲ್ ಚಾಲೂ ಮಾಡುವ ಕಿಣ್ವ ಅಂತ ಬರೆದುಬಿಡಬೇಡಿ. ಎಲ್‌ಸಿಕೆ ಚುರುಕಾಗಲು ಬೇಕಾದ 394ನೇ ಟೈರೋಸಿನ್ನಿನ ಫಾಸ್ಫೇಟನ್ನೂ ಇದೇ ತೆಗೆಯಬಲ್ಲದು. ನನ್ನ ಬ್ಲಾಟಿನಲ್ಲಿ ಜೆ45.01ರ 394 ಕೂಡ ಜಾಸ್ತಿಯೇ ಇತ್ತು. ಅದಕ್ಕೇ ಈಗ 505 ಒಂದನ್ನೇ ನೋಡುವುದಿಲ್ಲ, ಒಂದೇ ಲೈಸೇಟಿನಲ್ಲಿ (ಒಡೆದ ಕೋಶದ ದ್ರವ) ಎರಡನ್ನೂ ಓಡಿಸುತ್ತೇನೆ.