ಕಾಫಿ ಕೊಯ್ಲಿನ ಹೊತ್ತಲ್ಲಿ ಮನೆಭೇಟಿ

ಸಕಲೇಶಪುರ, ಮೂಡಿಗೆರೆ ಕಡೆ ಹೊಸದಾಗಿ ಸೇವೆಗೆ ಬಂದಿರುವ ಮೆಥೋಡಿಸ್ಟ್ ಪಾಸ್ಟರ್‌ಗಳಿಗೆ ಒಂದು ಮಾತು. ನವೆಂಬರ್‌ನಲ್ಲಿ ಅರೇಬಿಕಾ ಕಾಫಿ ಕೊಯ್ಲು ಶುರುವಾದರೆ ರೊಬಸ್ಟಾ ಮುಗಿಯುವಾಗ ಫೆಬ್ರವರಿ ದಾಟುತ್ತದೆ. ಅಲ್ಲಿಯವರೆಗೆ ಎಸ್ಟೇಟ್ ಲೈನ್ ಮನೆಗಳಿಗೆ, ಅಂದರೆ ತೋಟದ ಕೆಲಸಗಾರರ ಸಾಲುಮನೆಗಳಿಗೆ, ಕೆಲಸದ ದಿನ ಸಂಜೆ ಹೋಗಬೇಡಿ. ಹಣ್ಣು ತೂಕ ಹಾಕಿಸಿ, ಸೌದೆ ಹೊತ್ತು ಬಂದ ಅಕ್ಕಂದಿರು ಆಗಷ್ಟೇ ಹಂಡೆಗೆ ಉರಿ ಹಾಕಿರುತ್ತಾರೆ. ಅಯ್ಯನವರು ಬಂದರೆಂದು ಸ್ನಾನ, ಅಡುಗೆ ಎರಡನ್ನೂ ಬಿಟ್ಟು, ಕಲೆ ಹತ್ತಿದ ಕೈಯನ್ನು ಸೆರಗಿಗೆ ಒರೆಸಿಕೊಂಡು ಚಾಪೆ ಹಾಸುತ್ತಾರೆ. ನನಗಂತೂ ಅದು ಸರಿ ಕಾಣುವುದಿಲ್ಲ. ಸಂತೆ ರಜೆಯ ದಿನವೋ, ಭಾನುವಾರ ಆರಾಧನೆ ಮುಗಿದ ಮೇಲೋ ಹೋಗಿ.

ಕಾಯಿಲೆಯವರ ಮನೆಗೆ ಮಾತ್ರ ದಿನ ನೋಡಬೇಡಿ. ಸಹಾಯ ಕಳಿಸಿದರೆ ಸಾಲದು, ನಾವೇ ಹೋಗಿ ನೋಡಬೇಕೆಂದು ಮೆಥೋಡಿಸ್ಟ್ ಪಂಥ ಶುರುಮಾಡಿದ ಜಾನ್ ವೆಸ್ಲಿ ಒತ್ತಿ ಹೇಳಿದ್ದರು. ಮೊದಲು ಊಟ, ಬಟ್ಟೆ, ಔಷಧಿ ವಿಚಾರಿಸಿ, ಆತ್ಮದ ಮಾತು ಆಮೇಲೆ ಎಂಬುದೂ ಅವರದೇ ಸಲಹೆ. ಮಾತ್ರೆ ಖಾಲಿಯಾಗಿದ್ದರೆ ಚೀಟಿಯ ಫೋಟೋ ತೆಗೆದುಕೊಂಡು ಪೇಟೆಯಿಂದ ತಂದುಕೊಡಿ. ಪ್ರಾರ್ಥನೆ ಚಿಕ್ಕದಿರಲಿ, ಮಲಗಿದವರಿಗೆ ಕೇಳಿಸುವಷ್ಟು ಹತ್ತಿರ ಕೂತು ಮಾಡಿ.

ಇನ್ನೊಂದು, ತೋಟದ ದಾರಿಯಲ್ಲಿ ಆನೆ ಕಾಟ ಇದೆ. ಹೊರಡುವ ಮುಂಚೆ ಎಸ್ಟೇಟ್ ರೈಟರ್‌ಗೆ (ತೋಟದ ಲೆಕ್ಕ ನೋಡುವವರಿಗೆ) ಫೋನ್ ಮಾಡಿ ಕೇಳಿ, ಕತ್ತಲಾಗುವುದರೊಳಗೆ ಟಾರ್ ರಸ್ತೆಗೆ ಬಂದುಬಿಡಿ.