ನೀರು ಕುಡೀರಿ ಅಂತಾರ, ಎಲ್ಲಿ ಹೋಗ್ಬೇಕು ಅಂತ ಯಾರೂ ಹೇಳಂಗಿಲ್ಲ

ನಂದು ಮಹಿಳಾ ಸಂಘಗಳ ಸಾಲದ ಫೀಲ್ಡ್ ಕೆಲಸ. ಸಿಂಧನೂರಿನಾಗ ಸ್ಕೂಟಿ ಹತ್ತಿದ್ರ ಜವಳಗೇರಾ, ತುರ್ವಿಹಾಳ ಕಡೆ ಹಳ್ಳಿ, ಕ್ಯಾಂಪು (ಕಾಲುವೆ ನೀರಾವರಿಗೆ ಬಂದು ನೆಲೆಸಿದವ್ರ ಊರು) ಅಂತ ದಿನಕ್ಕ ನಾಲ್ಕು ಸೆಂಟರ್, ಅಂದ್ರ ಸಂಘದವ್ರು ಕೂಡಿ ಕಂತು ಕಟ್ಟೋ ಜಾಗ, ಮುಗಿಸಿ ಮನಿ ಸೇರೋದು ಮಧ್ಯಾಹ್ನ ಮೂರು. ತುಂಗಭದ್ರಾ ಎಡದಂಡೆ ಕಾಲುವೆ ಒಣಗಿ ಬಿಸಿಲು 42 ಮುಟ್ಟಿದ ಮ್ಯಾಲೆ ಆ ರೋಡು ಹೆಂಗಿರತೈತಿ ಅಂತ ನಮ್ಮ ಕಡೆಯವ್ರಿಗೆ ಹೇಳೋದೇ ಬ್ಯಾಡ. ಬ್ಯಾಗಿನಾಗ ಒಂದು ಲೀಟರ್ ಬಾಟಲಿ ಇರ್ತಿತ್ತು, ಮುಕ್ಕಾಲು ಹಂಗೇ ವಾಪಸ್ ಬರ್ತಿತ್ತು, ಯಾಕಂದ್ರ ಕುಡಿದ್ರ ಒಂದಕ್ಕ ಹೋಗ್ಬೇಕಲ್ಲ, ಗಂಡಸ್ರು ಗಾಡಿ ಸೈಡಿಗೆ ಹಾಕಿ ಜಾಲಿ ಗಿಡದ ಮರಿಗೆ ನಿಂತು ಬರ್ತಾರ, ನಾವೆಲ್ಲಿ ಹೋಗೋದು?

ಎರಡು ವರ್ಷದ ಹಿಂದ ಏಪ್ರಿಲ್‌ನಾಗ ಉರಿಮೂತ್ರ ಶುರುವಾತು. ಅತ್ತಿ "ಉಷ್ಣ ಆಗೇತಿ ಬಿಡವ್ವ" ಅಂತ ಜೀರಿಗಿ ನೆನೆಸಿದ ನೀರು ಕೊಟ್ರು, ಮರುದಿನ ಕಾಮಕಸ್ತೂರಿ ಬೀಜ. ಹೊಟ್ಟಿಗೆ ತಂಪು ಅನಿಸ್ತು, ಸುಳ್ಳು ಹೇಳಂಗಿಲ್ಲ, ಆದ್ರ ಐದೈದು ನಿಮಿಷಕ್ಕ ಹೋಗ್ಬೇಕು ಅನಿಸೋದು, ಹೋದ್ರ ನಾಕು ಹನಿ, ಅದೂ ಖಾರ ಹಚ್ಚಿದಂಗ. ಮೂರನೇ ದಿನ ಮಧ್ಯಾಹ್ನ ಒಂದು ಸೆಂಟರ್‌ನಾಗ ಕಂತು ಎಣಿಸ್ತಾ ಕುಂತಾಗ ಚಳಿ ಬಂತು ನೋಡ್ರಿ, ಹೊರಗ ಬೆಂಕಿ ಬಿಸಿಲು, ನಾನು ಆ ಮನಿಯವ್ರ ಕೌದಿ ಇಸ್ಕೊಂಡು ಹೊದ್ದೀನಿ.

ಡಾಕ್ಟರಮ್ಮ ಬೆನ್ನಿನ ಬಲಪಕ್ಕಿಗೆ ಮೆತ್ತಗ ಗುದ್ದಿದ್ರು, ಜೀವ ಹೋದಂಗಾತು. ಸೋಂಕು ಕಿಡ್ನಿ ತನಕ ಏರೈತಿ, ಚಳಿಜ್ವರ ಬೆನ್ನುನೋವು ಬಂದ್ರ ಒಂದಿನನೂ ಮನ್ಯಾಗ ಕುಂದ್ರಬಾರದು ಅಂತ ಬೈದ್ರು. ಮಾತ್ರಿ ಶುರು ಮಾಡೋಕಿಂತ ಮೊದಲೇ ಯೂರಿನ್ ಕಲ್ಚರ್‌ಗೆ, ಅಂದ್ರ ಮೂತ್ರದಾಗ ಯಾವ ಕ್ರಿಮಿ ಐತಿ ಅಂತ ನೋಡೋ ಟೆಸ್ಟಿಗೆ, ಕೊಡಿಸಿದ್ರು, ಸುರುವಿನ ಧಾರಿ ಬಿಟ್ಟು ನಡುವಿನದು ಹಿಡೀಬೇಕಂತ, ಮೂರು ದಿನಕ್ಕ ರಿಪೋರ್ಟ್ ಬಂತು, ಇ. ಕೋಲೈ (E. coli) ಅಂತ, ನಮ್ಮ ಕರುಳಿನಾಗ ಇರೋ ಕ್ರಿಮಿನೇ. ಹೆಂಗಸ್ರಿಗೆ ಮೂತ್ರನಾಳ 4 ಸೆಂಟಿಮೀಟರ್ ಆಸುಪಾಸು ಅಷ್ಟೇ, ಅದಕ್ಕ ಲಗೂನ ಒಳಗ ಏರತೈತಿ, ತಾಸುಗಟ್ಟಲೆ ಹಿಡ್ಕೊಂಡ್ರ ಅಲ್ಲೇ ಬೆಳಕೊಂತ ಕುಂದ್ರತೈತಿ. ಶುಗರ್ ಟೆಸ್ಟೂ ಮಾಡಿದ್ರು, ನಾರ್ಮಲ್ ಇತ್ತು.

ಎರಡನೇ ಸಲ ತಪ್ಪು ಪೂರಾ ನಂದೇ. ಮೆಡಿಕಲ್ ಶಾಪಿನಾಗ ನಾನೇ ಕೇಳಿ ಮಾತ್ರಿ ತಗೊಂಡು, ಎರಡು ದಿನಕ್ಕ ಉರಿ ನಿಂತ ಕೂಡ್ಲೇ ಬಿಟ್ಟೆ, ಬೆಂಗಳೂರಿನ ರಾತ್ರಿ ಬಸ್ಸಿನಾಗ ಮತ್ತ ತಿರುಗಿ ಬಂತು. ಸ್ಲೀಪರ್‌ನಾಗ ಮಲಗಿ ಹಲ್ಲು ಕಚ್ಚಿ ಬೆಳಗು ಮಾಡಿದ್ದು ಇನ್ನೂ ನೆನಪೈತಿ.

ಆಮ್ಯಾಲೆ ನಾನು ಮಾಡಿದ್ದು ಒಂದೇ ಕೆಲಸ, ಬಾಟಲಿ ಬದಲಿ ಮಾಡಲಿಲ್ಲ, ಮನಿ ಹುಡುಕಿದೆ. ಯಾವ ಊರಾಗ ಯಾವ ಸಂಘದ ಅಕ್ಕನ ಮನ್ಯಾಗ ನೀರಿರೋ ಪಾಯಖಾನಿ ಐತಿ ಅಂತ ಕಲೆಕ್ಷನ್ ಡೈರಿ ಹಿಂದಿನ ಪುಟದಾಗ ಬರ್ಕೊಂಡೆ. ಕೇಳಾಕ ಮೊದಮೊದಲು ನಾಚಿಕಿ. ಸಾಲ ವಸೂಲಿಗೆ ಬಂದಾಕಿ ಇದನ್ನೂ ಕೇಳ್ತಾಳ ಅಂದ್ಕೊಂಡ್ರ? ಒಬ್ಬ ಅಕ್ಕ ನಕ್ಕು "ಅಯ್ಯ ಮೇಡಮ್ಮ, ಇದಕ್ಕ್ಯಾಕ ನಾಚ್ತೀರಿ, ನಾವೂ ಹೆಂಗಸ್ರೇ ಅಲ್ಲೇನ್ರಿ" ಅಂತ ತಾನೇ ಬಕೀಟು ತುಂಬಿಸಿ ಇಟ್ಲು. ಕೆಲವು ಮನ್ಯಾಗ ಸರ್ಕಾರದ ರೊಕ್ಕದಾಗ ಕಟ್ಟಿದ ರೂಮೇನೋ ಐತಿ, ಒಳಗ ಕುಳ್ಳು, ಕಟಗಿ ಒಟ್ಯಾರ, ಅವು ನನ್ನ ಡೈರ್‍ಯಾಗಿಲ್ಲ.

ಜಾಗ ಗೊತ್ತಾದ ಮ್ಯಾಲೆ ನೀರು ತಾನಾಗೇ ಒಳಗ ಹೋಗಾಕತ್ತು. ಈಗ ಮನಿ ಬಿಡೋಕಿಂತ ಮೊದಲು ಎರಡು ಗ್ಲಾಸ್, ದಾರಿಯಾಗ ಎರಡು ಬಾಟಲಿ, ಬಿಸಿ ಆಗಬಾರದು ಅಂತ ಒದ್ದಿ ಟವೆಲ್ ಸುತ್ತಿರ್ತೀನಿ, ಊಟಕ್ಕ ರೊಟ್ಟಿ ಜೋಡಿ ನೀರುಮಜ್ಜಿಗಿ. ಬಂದಿರಲಿ ಬಿಡಲಿ ಮೂರು ತಾಸಿಗೊಮ್ಮೆ ಹೋಗ್ತೀನಿ. ಹೊಲಸು ಟಾಯ್ಲೆಟ್ ಅಂತ ಅರ್ಧ ಬಗ್ಗಿ ನಿಂತು ಅವಸರ ಮಾಡಿದ್ರ ಮೂತ್ರದ ಚೀಲ ಪೂರಾ ಖಾಲಿ ಆಗಂಗಿಲ್ಲ, ಕುಂತೇ ಮಾಡ್ಬೇಕು, ತೊಳಕೊಳ್ಳೋದು ಮುಂದಿಂದ ಹಿಂದಕ್ಕ. ಲೆಗ್ಗಿಂಗ್ಸ್ ಬಿಟ್ಟು ಕಾಟನ್ ಪ್ಯಾಂಟು. ಬಣ್ಣ ನೋಡೋದು ರೂಢಿ ಆಗೇತಿ, ಹುಲ್ಲಿನ ತೆಳು ಹಳದಿ ಇದ್ರ ಬರೋಬ್ಬರಿ, ಕುಸುಬಿ ಎಣ್ಣಿ ಹಂಗ ದಟ್ಟ ಆತಂದ್ರ ಅವತ್ತು ನೀರು ಕಮ್ಮಿ ಬಿದ್ದೈತಿ ಅಂತ ಲೆಕ್ಕ.

ರಾತ್ರಿ ಬಸ್ಸಿಗೆ ಹತ್ತುವಾಗಲೇ ಡ್ರೈವರಣ್ಣಗ "ಅಣ್ಣಾ, ನಡುವ ಒಂದು ಕಡೆ ಲೈಟಿದ್ದಲ್ಲಿ ನಿಲ್ಲಸ್ರಿ" ಅಂತ ಹೇಳಿಬಿಡ್ತೀನಿ, ಬಸ್ ನಿಂತ್ರ ನನ್ನ ಹಿಂದ ಇನ್ನೂ ನಾಕು ಹೆಂಗಸ್ರು ಇಳೀತಾರ, ಎಲ್ಲರಿಗೂ ಬೇಕಾಗಿರತೈತಿ, ಬಾಯಿ ಬಿಡೋರು ಯಾರೂ ಇರಂಗಿಲ್ಲ.

ಶುಕ್ರವಾರದ ಒಂದು ಕ್ಯಾಂಪಿಗೆ ಮಾತ್ರ ಇನ್ನೂ ಮನಿ ಸಿಕ್ಕಿಲ್ಲ. ಅವತ್ತು ಹಿಂದಿನ ಊರಾಗೇ ಮುಗಿಸ್ಕೊಂಡು ಹೋಗ್ತೀನಿ, ಮೀಟಿಂಗ್ ಉದ್ದ ಆದ್ರ ನಡುವನೇ ಎದ್ದು ಆ ಊರಿಗೆ ಸ್ಕೂಟಿ ತಿರುಗಿಸ್ತೀನಿ.